ಕೆಂಚಿಯ ಕೊರಳ ಗಂಟೆ

ನಾನು ಒಂದು ಕಂಚಿನ ಗಂಟೆ. ದೇವಸ್ಥಾನದ್ದಲ್ಲ, ಶಾಲೆಯದ್ದೂ ಅಲ್ಲ. ಕೆಂಚಿ ಎಂಬ ಹೆಣ್ಣುಕುದುರೆಯ ಕೊರಳಲ್ಲಿ ಆರು ವರ್ಷ ಇದ್ದೆ.

ಹುಟ್ಟಿದ್ದು ನಾಗಮಂಗಲದ ಒಂದು ಕುಲುಮೆಯಲ್ಲಿ. ಬಿರುಕುಬಿಟ್ಟ ತಟ್ಟೆ, ಹಿಡಿ ಮುರಿದ ಸೌಟು, ಯಾರದೋ ಮನೆಯ ಹಳೆಯ ತಂಬಿಗೆ, ಇವನ್ನೆಲ್ಲ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ದರು. ಆರಿದ ಮೇಲೆ ಅಚ್ಚು ಒಡೆದು ನನ್ನನ್ನು ತೆಗೆದರು. ಕಬ್ಬಿಣದ ನಾಲಿಗೆಯನ್ನು ಆಮೇಲೆ ಕಟ್ಟಿದರು. ಅದನ್ನು ಕಟ್ಟುವ ತನಕ ನಾನು ಬರೀ ಒಂದು ಬಟ್ಟಲು.

ನನ್ನನ್ನು ಕೊಂಡವನು ರಾಚಯ್ಯ. ಹೊಸದಾಗಿ ಮದುವೆಯಾದ ಹೆಂಡತಿ ಚಿಕ್ಕತಾಯಿಯನ್ನೂ ಕರೆದುಕೊಂಡು ಬಂದಿದ್ದ. ಕಂಚುಗಾರ ಐದು ಗಂಟೆಗಳನ್ನು ಒಂದೊಂದಾಗಿ ಬಾರಿಸಿದ. ರಾಚಯ್ಯ ಪ್ರತಿಯೊಂದರ ಅಂಚಿಗೂ ಹೆಬ್ಬೆರಳು ಇಟ್ಟು ನೋಡಿದ. ನನ್ನ ಸರದಿ ಬಂದಾಗ ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ.

ದಾರಿಯಲ್ಲಿ ಚಿಕ್ಕತಾಯಿ ಕೇಳಿದಳು: "ನಿಮ್ಗೆ ಕೇಳುಸ್ತಾ?"

"ಕೈಗೆ ಕೇಳುಸ್ತು, ಬುಡು," ಎಂದು ಅವನು ನಕ್ಕ.

ಅವನ ಕಿವಿ ಮಂದವಾಗಿತ್ತು. ಯುದ್ಧದ ಕಾಲದಲ್ಲಿ ಅವನು ಸೈನ್ಯದ ಹೇಸರಗತ್ತೆಗಳನ್ನು ನೋಡಿಕೊಳ್ಳುತ್ತಿದ್ದ. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಎರಡು ಹೇಸರಗತ್ತೆ ಕೊಂಡು ಊರಿಗೆ ಬಂದ. ಅವುಗಳಿಗೆ ಸುಬೇದಾರ, ಹವಾಲ್ದಾರ ಎಂದು ಹೆಸರಿಟ್ಟ. ಕೆಂಚಿಯನ್ನು ಆಮೇಲೆ ಸೇರಿಸಿಕೊಂಡ. ಆಗ ಶಿಕಾರಿಗೆ ಸರ್ಕಾರವೇ ಲೈಸೆನ್ಸು ಕೊಡುತ್ತಿತ್ತು. ಮೈಸೂರಿನಿಂದ, ಮಡಿಕೇರಿಯಿಂದ ಬರುವ ಸಾಹೇಬರನ್ನು ಕೊಳ್ಳೇಗಾಲದಾಚೆಯ ಬೆಟ್ಟದ ಕಾಡಿಗೆ ಕರೆದೊಯ್ಯುವುದು ರಾಚಯ್ಯನ ಕಸುಬು. ಗುಡಾರ, ಪಾತ್ರೆ, ಬಂದೂಕದ ತೋಟಾ, ಅಕ್ಕಿ ಎಲ್ಲವೂ ಹೇಸರಗತ್ತೆಗಳ ಬೆನ್ನ ಮೇಲೆ. ಬಂದೂಕಗಳು ಅವನ ಕಿವಿಯ ಪಕ್ಕದಲ್ಲೇ ಹಾರುತ್ತಿದ್ದವು. ವರ್ಷದಿಂದ ವರ್ಷಕ್ಕೆ ಅವನಿಗೆ ಕೇಳುವುದು ಕಡಿಮೆಯಾಯಿತು. ಕಿವುಡ ಎಂದು ಗೊತ್ತಾದರೆ ಯಾರೂ ಕರೆಯುವುದಿಲ್ಲ ಎಂದು ಅವನು ಅದನ್ನು ಮುಚ್ಚಿಟ್ಟ. ಅಡುಗೆಗೆಂದು ಚಿಕ್ಕತಾಯಿಯೂ ಕಾಡಿಗೆ ಬರುತ್ತಿದ್ದಳು. ನಿಜವಾಗಿ ಅವಳು ಬರುತ್ತಿದ್ದುದು ಅವನ ಕಿವಿಯಾಗಿ. "ಸಾಹೇಬ್ರು ಬಿಸಿನೀರು ಕೇಳ್ತಾವ್ರೆ," ಎಂದು ಅವನ ಕಿವಿಯ ಹತ್ತಿರವೇ ಬಾಯಿಟ್ಟು ಹೇಳುತ್ತಿದ್ದಳು.

ಹೇಸರಗತ್ತೆಗಳು ಮನುಷ್ಯನ ಮಾತು ಕೇಳದಿದ್ದರೂ ಹೆಣ್ಣುಕುದುರೆಯ ಗಂಟೆಯ ಹಿಂದೆ ನಡೆಯುತ್ತವೆ. ಹಾಗಾಗಿ ನನಗೆ ಎರಡು ಕೆಲಸ. ಒಂದು, ಹೇಸರಗತ್ತೆಗಳನ್ನು ಕೂಡಿಸಿಕೊಂಡು ಹೋಗುವುದು. ಇನ್ನೊಂದು, ಬಂದೂಕ ಹಿಡಿದು ಕೂತವರಿಗೆ 'ಇದು ನಮ್ಮ ಪ್ರಾಣಿ, ಗುಂಡು ಹಾರಿಸಬೇಡಿ' ಎಂದು ತಿಳಿಸುವುದು.

ಮೃಗ ಇರುವ ಜಾಗ ಹತ್ತಿರವಾದಾಗ ರಾಚಯ್ಯ ಒಂದು ಹಿಡಿ ಹಸಿ ಹುಲ್ಲು ಕಿತ್ತು ನನ್ನ ಬಾಯಿಗೆ ತುರುಕುತ್ತಿದ್ದ. ಗುಂಡು ಹಾರಿದ ಮೇಲೆ ಮೊದಲ ಕೆಲಸ ಆ ಹುಲ್ಲು ತೆಗೆಯುವುದು. ಅದಾಗದೆ ಕೆಂಚಿಯನ್ನು ಒಂದು ಹೆಜ್ಜೆಯೂ ನಡೆಸುತ್ತಿರಲಿಲ್ಲ. ಕಿವಿ ಕೇಳದ್ದರಿಂದ ಅವನು ಕಣ್ಣಿನಿಂದಲೇ ತಿಳಿಯುತ್ತಿದ್ದ. ಹಸಿರು ಕಂಡರೆ ಬಾಯಿ ಮುಚ್ಚಿದೆ, ಹಸಿರು ಕಾಣದಿದ್ದರೆ ತೆರೆದಿದೆ.

ಆ ಸಲ ಬಂದವರು ಡಾಕ್ಟರ್ ಉತ್ತಯ್ಯ, ಮೈಸೂರಿನಲ್ಲಿ ಹೆಸರಾದ ವೈದ್ಯರು. ಒಬ್ಬರೇ ಬಂದಿದ್ದರು. ಒಳ್ಳೆಯ ಮನುಷ್ಯ. ದಾರಿಯಲ್ಲಿ ಸುಬೇದಾರ ಏರು ಹತ್ತದೆ ಹೊರೆಯ ಸಮೇತ ಕೂತುಬಿಟ್ಟಾಗ ಬೈಯಲಿಲ್ಲ.

"ಏನಾಯ್ತು ರಾಚಯ್ಯ?"

"ಸುಬೇದಾರ್ರು ಪಿಂಚಣಿ ಕೇಳ್ತಾವ್ರೆ ಬುದ್ದಿ. ಬೆಲ್ಲ ಕೊಟ್ರೆ ಡ್ಯೂಟಿಗೆ ಬತ್ತಾರೆ."

ಡಾಕ್ಟರು ತಮ್ಮ ಜೇಬಿನಿಂದಲೇ ಒಂದು ಬಿಸ್ಕತ್ತು ತೆಗೆದು ಕೊಟ್ಟರು.

ಚಿಕ್ಕತಾಯಿಯ ಕಂಕುಳಲ್ಲಿ ಎಂಟು ತಿಂಗಳ ಹೆಣ್ಣುಮಗು ಇತ್ತು. ಬಿಡಾರ ಹೂಡಿದ ದಿನವೇ ಅದಕ್ಕೆ ಜ್ವರ ಬಂತು. "ಡಾಕ್ಟ್ರಿಗೆ ಒಂದ್ ಮಾತು ಹೇಳ್ಲಾ?" ಎಂದು ಅವಳು ಕೇಳಿದಳು. ರಾಚಯ್ಯ ತಲೆಯಾಡಿಸಿದ. "ಬ್ಯಾಡ ಕನಾ. ಶಿಕಾರಿಗೆ ಬಂದೋರ್ಗೆ ನಮ್ ಮನೆ ರಗಳೆ ಯಾಕೆ?" ಅವನಿಗೆ ಮಗುವಿನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅವನ ಕಸುಬಿನವರೆಲ್ಲ ಹಾಗೇ ನಡೆದುಕೊಳ್ಳುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಒಂದು ಕಡವೆಗೆ ಗುಂಡು ಹಾಕಿದರು. ಅದು ಬೀಳಲಿಲ್ಲ. ಗಾಯಗೊಂಡು ಹಳ್ಳದ ಪೊದೆಗೆ ನುಗ್ಗಿತು. ಗಾಯವಾದ ಪ್ರಾಣಿಯನ್ನು ಹಾಗೇ ಬಿಟ್ಟು ಬರುವುದು ಶಿಕಾರಿಯವರಲ್ಲಿ ಮಹಾ ತಪ್ಪು. ಆದರೆ ಕೂಡಲೇ ಬೆನ್ನಟ್ಟಿದರೆ ಇನ್ನೂ ದೂರ ಓಡುತ್ತದೆ. ರಾಚಯ್ಯ ಡಾಕ್ಟರನ್ನು ಹಳ್ಳದ ಬಾಯಿಯಲ್ಲಿ ಒಂದು ಬಂಡೆಯ ಮೇಲೆ ಕೂರಿಸಿದ.

"ಇಲ್ಲೇ ಕುಂತಿರಿ ಬುದ್ದಿ. ಅದು ಹೊರಕ್ಕೆ ಬಂದ್ರೆ ಈ ಕಡೆಯಿಂದ್ಲೇ ಬರ್ಬೇಕು. ನಾನು ಹೋಗಿ ಹಗ್ಗ ತಕ್ಕೊಂಡು ಕೆಂಚಿ ಜೊತೆ ಬರ್ತೀನಿ. ಗಂಟೆ ಸದ್ದು ಕೇಳುದ್ರೆ ಅದು ನಾವು."

ಹೀಗೆ ಹೇಳಿ, ನನ್ನ ಬಾಯಿಯ ಹುಲ್ಲು ಕಿತ್ತೆಸೆದು, ಕೆಂಚಿಯನ್ನು ಹಿಡಿದುಕೊಂಡು ಬಿಡಾರಕ್ಕೆ ಬಂದ.

ಚಿಕ್ಕತಾಯಿ ಮುದ್ದೆ ಬಡಿಸಿದಳು. ಕೆಂಚಿಯನ್ನು ಅವರ ಚಪ್ಪರದ ಪಕ್ಕದಲ್ಲೇ ಕಟ್ಟಿದ್ದರು. ನೊಣಗಳ ಕಾಟಕ್ಕೆ ಕೆಂಚಿ ತಲೆ ಕೊಡವುತ್ತಿದ್ದಳು, ಕೊಡವಿದಾಗಲೆಲ್ಲ ನಾನು ಬಾರಿಸುತ್ತಿದ್ದೆ. ಒಳಗೆ ಮಗು ಆಗತಾನೆ ಕಣ್ಣು ಮುಚ್ಚಿ, ನನ್ನ ಸದ್ದಿಗೆ ಬೆಚ್ಚಿ ಎದ್ದು ಅಳುತ್ತಿತ್ತು. ಎರಡು ಸಲ ಹಾಗಾಯಿತು. ಮೂರನೆಯ ಸಲ ಚಿಕ್ಕತಾಯಿ ಹೊರಗೆ ಬಂದಳು. ಹಳೆಯ ಸೀರೆಯ ಅಂಚಿನಿಂದ ಒಂದು ಚೂರು ಹರಿದು ನನ್ನ ನಾಲಿಗೆಗೆ ಸುತ್ತಿ ಗಂಟು ಹಾಕಿದಳು. ಬಟ್ಟೆ ಕಂದು ಬಣ್ಣದ್ದು, ನನ್ನ ಬಣ್ಣವೇ.

"ಒಂದ್ ಗಳಿಗೆ ಸುಮ್ನಿರವ್ವ," ಎಂದು ನನಗೆ ಹೇಳಿದಳು. ಅವಳ ಕೈ ಬೆಚ್ಚಗಿತ್ತು.

ನಾನು ಸುಮ್ಮನಾದೆ. ನಿಜ ಹೇಳಬೇಕೆಂದರೆ ನನಗೆ ಹಿತವಾಗಿತ್ತು. ಮಗು ಮಲಗಿತು.

ಗಂಡ ಹೊರಡುವಾಗ ಬಟ್ಟೆ ಬಿಚ್ಚಬೇಕೆಂದು ಅವಳು ಅಂದುಕೊಂಡಿದ್ದಳು. ಮಗುವಿನ ಪಕ್ಕ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಹೊರಗೆ ಕಿವಿಯಿಟ್ಟಿದ್ದಳು. ಕೆಂಚಿ ಹೆಜ್ಜೆ ಎತ್ತಿದರೆ ಗಂಟೆಯಿಂದ ಗೊತ್ತಾಗುತ್ತದಲ್ಲ. ಅದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಆ ಗಂಟೆಯ ಬಾಯಿಯನ್ನು ತಾನೇ ಕಟ್ಟಿದ್ದೇನೆ ಎಂಬುದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ರಾಚಯ್ಯ ಕೈತೊಳೆದ. ಮಗು ಎದ್ದೀತೆಂದು ಹೆಂಡತಿಯನ್ನು ಕೂಗಲಿಲ್ಲ. ಹಗ್ಗ ಹೆಗಲಿಗೆ ಹಾಕಿಕೊಂಡ. ಬಗ್ಗಿ ನನ್ನ ಬಾಯಿ ನೋಡಿದ. ಹಸಿರು ಇರಲಿಲ್ಲ. ಹೊರಟ.

ದಾರಿಯುದ್ದಕ್ಕೂ ನಾನು ಪ್ರಯತ್ನಪಟ್ಟೆ. ಗಂಟೆ ಪ್ರಯತ್ನಪಡುವುದು ಎಂದರೇನು ಎಂದು ನೀವು ಕೇಳಬಹುದು. ಕೆಂಚಿ ಎಡವಿದಾಗ ತೂಗಿದೆ, ಇಳಿಜಾರಿನಲ್ಲಿ ತೂಗಿದೆ. ಬಟ್ಟೆ ಸುತ್ತಿದ ನಾಲಿಗೆ ನನ್ನ ಗೋಡೆಗೆ ತಾಗಿ ತಾಗಿ ಹಿಂದೆ ಬಂತು. ಹಳ್ಳದ ಬಳಿ ಆಳೆತ್ತರದ ಹುಲ್ಲು. ಅದರ ಮೇಲೆ ಕೆಂಚಿಯ ಬೆನ್ನು ಮಾತ್ರ ಕಾಣುತ್ತಿತ್ತು, ಕಡವೆಯ ಹಾಗೆ ಕಂದು. ರಾಚಯ್ಯ ಅವಳ ಆಚೆ ಬದಿಯಲ್ಲಿ ಹಗ್ಗ ಹಿಡಿದು ನಡೆಯುತ್ತಿದ್ದ. ಕೆಂಚಿ ಒಂದು ಕಲ್ಲನ್ನು ದಾಟಲು ಕತ್ತು ಎಗರಿಸಿದಳು. ಆಗ ನಾಲಿಗೆಯ ತುದಿ ಬಟ್ಟೆಯಿಂದ ಚೂರು ಹೊರಬಂದು ನನಗೆ ತಾಗಿತು.

ಟಕ್ ಎಂದು ಒಂದೇ ಸದ್ದು. ಗಂಟೆಯ ಸದ್ದಲ್ಲ, ಗೊರಸು ಕಲ್ಲಿಗೆ ತಾಗಿದಂಥ ಸದ್ದು.

ಬಂಡೆಯ ಮೇಲೆ ಬೇರೆ ದಿಕ್ಕು ನೋಡುತ್ತಿದ್ದ ಡಾಕ್ಟರು ಆ ಸದ್ದಿನ ಕಡೆಗೆ ತಿರುಗಿದರು. ಪೂರ್ತಿ ಮೂಕವಾಗಿದ್ದರೆ ಅವರು ತಿರುಗುತ್ತಿರಲಿಲ್ಲ. ಪೂರ್ತಿ ಬಾರಿಸಿದ್ದರೆ ಗುಂಡು ಹಾರಿಸುತ್ತಿರಲಿಲ್ಲ. ನಾನು ಎರಡೂ ಮಾಡಲಿಲ್ಲ.

ಅಷ್ಟರಲ್ಲಿ ಕೆಂಚಿ ತಲೆ ತಗ್ಗಿಸಿದ್ದಳು. ಗುಂಡು ಅವಳ ಕತ್ತಿನ ಮೇಲೆ ಹಾದು ರಾಚಯ್ಯನಿಗೆ ತಗುಲಿತು.

ಡಾಕ್ಟರ ಕೂಗಿಗೆ ಚಿಕ್ಕತಾಯಿ ಓಡಿ ಬಂದಳು. ಡಾಕ್ಟರು ಮಂಡಿಯೂರಿ ಗಾಯವನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದರು. "ಬಟ್ಟೆ! ಬಟ್ಟೆ ಕೊಡಮ್ಮ, ಬೇಗ!" ಎಂದರು. ಅವಳು ಸುತ್ತ ನೋಡಿದಳು. ಪಕ್ಕದಲ್ಲಿ ಕೆಂಚಿ ಗಡಗಡ ನಡುಗುತ್ತಿದ್ದಳು, ಆದರೂ ನನ್ನಿಂದ ಸದ್ದು ಬರುತ್ತಿರಲಿಲ್ಲ. ಚಿಕ್ಕತಾಯಿ ನನ್ನನ್ನು ನೋಡಿದಳು. ಆ ನೋಟವನ್ನು ನಾನು ವಿವರಿಸಲಾರೆ. ಅವಳ ಬೆರಳುಗಳು ನನ್ನ ಒಳಗೆ ಬಂದು ಗಂಟು ಬಿಚ್ಚಿದವು. ಆ ಚೂರನ್ನೇ ಡಾಕ್ಟರ ಕೈಗೆ ಕೊಟ್ಟಳು. ಅವರು ಅದನ್ನು ಮಡಿಸಿ ಗಾಯಕ್ಕೆ ಒತ್ತಿದರು. ಏನೂ ಉಪಯೋಗವಾಗಲಿಲ್ಲ.

ಕೆಂಚಿ ಇನ್ನೂ ನಡುಗುತ್ತಿದ್ದಳು. ಈಗ ನಾನು ಬಾರಿಸುತ್ತಲೇ ಇದ್ದೆ.

ವಿಚಾರಣೆಗೆ ಬಂದ ಇನ್ಸ್‌ಪೆಕ್ಟರು ನನ್ನನ್ನು ಬಿಚ್ಚಿ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಬೆಟ್ಟದ ಆಚೆಗೂ ಕೇಳುವಂತೆ ಬಾರಿಸಿದೆ. "ಇಷ್ಟು ಸದ್ದು ನಿಮಗೆ ಕೇಳಿಸಲಿಲ್ಲವೇ ಡಾಕ್ಟ್ರೇ?"

"ಇಲ್ಲ. ಕಡವೆಯ ಗೊರಸಿನ ಸದ್ದು ಕೇಳಿಸಿತು."

"ಗಂಟೆ?"

"ಕೇಳಿಸಲಿಲ್ಲ."

ಚಿಕ್ಕತಾಯಿ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಬಾಯಿ ತೆರೆಯಲಿಲ್ಲ. ಬೆಳಿಗ್ಗೆಯಿಂದ ಡಾಕ್ಟರು ಕುಡಿದಿದ್ದಿರಬೇಕು ಎಂದು ಜನ ಆಡಿಕೊಂಡರು. ಅವರು ಕುಡಿದಿರಲಿಲ್ಲ. ಅಚಾತುರ್ಯದಿಂದ ಆದ ಸಾವು ಎಂದು ಬರೆದುಕೊಂಡರು, ಬಂದೂಕದ ಲೈಸೆನ್ಸು ರದ್ದಾಯಿತು.

ಹೇಸರಗತ್ತೆಗಳನ್ನು ಒಬ್ಬ ಇಟ್ಟಿಗೆಗೂಡಿನವನು ಕೊಂಡ. ಕೆಂಚಿ ಒಂದು ಜಟಕಾಗೆ ಹೋದಳು. ನನ್ನನ್ನು ಡಾಕ್ಟರು ಕೇಳಿ ಪಡೆದರು. ಕೊಡುವಾಗ ಚಿಕ್ಕತಾಯಿ ಬೇರೆ ಕಡೆ ನೋಡುತ್ತಿದ್ದಳು.

ಮೈಸೂರಿನ ಅವರ ಮನೆಗೆ ದೊಡ್ಡ ತೋಟವಿತ್ತು. ಮೊದಲ ಭಾನುವಾರವೇ ಅವರು ಮಾಲಿ ಜವರಯ್ಯನ ಕೈಗೆ ನನ್ನನ್ನು ಕೊಟ್ಟು, "ಮಾವಿನ ಮರದ ಹತ್ತಿರ ನಡೆದಾಡು," ಎಂದರು. ತಾವು ಜಗಲಿಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತರು. ಕೇಳಿಸಿತು. "ಬಾವಿಯ ಆಚೆ ಹೋಗು." ಕೇಳಿಸಿತು. ಕಾಂಪೌಂಡಿನ ಆಚೆ, ರಸ್ತೆಯ ತಿರುವಿನಲ್ಲಿ, ಗಾಳಿಯಲ್ಲಿ, ಮಳೆಯಲ್ಲಿ. ಪ್ರತಿ ಸಲವೂ ಕೇಳಿಸಿತು. ಹಾಗಾದರೆ ಆವತ್ತು ಯಾಕೆ ಕೇಳಿಸಲಿಲ್ಲ?

ಒಂದು ಭಾನುವಾರ ನಾನು ಕೇಳಿಸದೆ ಹೋಗಿದ್ದರೆ, ಆವತ್ತೂ ಹೀಗೇ ಆಯಿತೆಂದುಕೊಂಡು ಅವರು ಬದುಕಿಕೊಳ್ಳುತ್ತಿದ್ದರು. ನನ್ನಿಂದ ಅದೂ ಆಗಲಿಲ್ಲ.

ಎರಡನೆಯ ವರ್ಷ ಅವರು ಸ್ಟೆತಾಸ್ಕೋಪನ್ನು ಬೀರುವಿನಲ್ಲಿಟ್ಟರು. ರೋಗಿಗಳು ಬಂದರೆ, "ಬೇರೆಯವರ ಹತ್ತಿರ ಹೋಗಿ. ನನ್ನ ಕಿವಿ ನಂಬೋ ಹಾಗಿಲ್ಲ," ಎನ್ನುತ್ತಿದ್ದರು. ಜವರಯ್ಯ ಮಾತ್ರ ನನ್ನನ್ನು ಹಿಡಿದು ಗೊಣಗುತ್ತಿದ್ದ: "ಕಿವಿ ನೆಟ್ಗೈತೆ. ಕೆಟ್ಟಿರೋದು ಬೇರೆ."

ಹದಿಮೂರು ವರ್ಷಗಳ ಮೇಲೆ ಒಂದು ಭಾನುವಾರ ಚಿಕ್ಕತಾಯಿ ಗೇಟಿನ ಹತ್ತಿರ ಬಂದು ನಿಂತಳು. ಅವಳಿಗೆ ಕೆಮ್ಮು ಹಿಡಿದು ತಿಂಗಳುಗಳಾಗಿದ್ದವು. ಊರಿನ ಯಾರೋ, ಆ ಡಾಕ್ಟರ ಹತ್ತಿರ ಹೋಗಬೇಡ, ಅವರು ಕಿವಿ ಕೆಟ್ಟಿದೆಯೆಂದು ರೋಗಿಗಳನ್ನೇ ಮುಟ್ಟುವುದಿಲ್ಲ ಎಂದಿದ್ದರಂತೆ. ಅದನ್ನು ಕೇಳಿಯೇ ಬಂದಿದ್ದಳು. ತೋಟದಲ್ಲಿ ಜವರಯ್ಯ ನನ್ನನ್ನು ಬಾರಿಸುತ್ತಾ ನಡೆಯುತ್ತಿದ್ದ. ಅವಳು ನೇರವಾಗಿ ಬಂದು ಅವನ ಕೈಯಿಂದ ನನ್ನನ್ನು ಕಿತ್ತುಕೊಂಡಳು. ಜಗಲಿಗೆ ತಂದು ಬೆಂಚಿನ ಮೇಲಿಟ್ಟಳು.

"ನಿಮ್ ಕಿವಿ ಸರ್ಯಾಗೇ ಅದೆ ಬುದ್ದಿ. ಆವತ್ತು ಗಂಟೆ ಬಾರಿಸ್ಲೇ ಇಲ್ಲ. ನಾನೇ ಅದರ ನಾಲ್ಗೆ ಕಟ್ಟಿದ್ದೆ."

ಡಾಕ್ಟರು ನನ್ನನ್ನು ಓರೆ ಮಾಡಿ ಒಳಗಿನ ನಾಲಿಗೆಯನ್ನು ನೋಡಿದರು.

"ಮಗೀಗೆ ಜ್ವರ ಇತ್ತು. ಸದ್ದಿಗೆ ಎದ್ಬುಡ್ತಿತ್ತು. ಬಿಚ್ಚಕ್ಕೆ ಮರ್ತೆ. ಗಾಯಕ್ಕೆ ಅಂತ ನಿಮ್ ಕೈಗೆ ಕೊಟ್ಟೆನಲ್ಲ, ಅದೇ ಬಟ್ಟೆ."

ಡಾಕ್ಟರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಅವರು ಕೂಗಾಡುತ್ತಾರೆ ಎಂದುಕೊಂಡೆ. ಇಲ್ಲವೇ, ಈಗಲಾದರೂ ಹಗುರಾಗುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಇದು:

"ಜ್ವರ ಎಷ್ಟು ದಿನದಿಂದ ಇತ್ತು?"

"ಎಲ್ಡು ದಿನ ಆಗಿತ್ತು. ಮೈ ಕಾದ ಹೆಂಚಿನಂಗಿತ್ತು."

"ಔಷಧದ ಪೆಟ್ಟಿಗೆ ನನ್ನ ಗುಡಾರದಲ್ಲೇ ಇತ್ತು."

"ಶಿಕಾರಿಗೆ ಬಂದೋರ್ಗೆ ಹೇಳ್ಬಾರ್ದು ಅಂತ ಅವ್ರು..."

"ಹೇಳೋದು ಬೇಕಿರಲಿಲ್ಲ, ಚಿಕ್ಕತಾಯಿ." ಅವರ ಧ್ವನಿ ಇಳಿದಿತ್ತು. "ಮಗು ಅಳೋದು ಎರಡು ದಿನವೂ ನನಗೆ ಕೇಳಿಸಿತ್ತು. ಎಂಥ ಅಳು ಅನ್ನೋದೂ ಗೊತ್ತಾಗಿತ್ತು. ರಜೆಯಲ್ಲಿ ಬಂದಿದ್ದೀನಿ, ಅವರಾಗಿಯೇ ಕೇಳಿದರೆ ನೋಡೋಣ ಅಂತ ಸುಮ್ಮನಿದ್ದೆ."

ಇಬ್ಬರಲ್ಲಿ ಯಾರೂ ಅಳಲಿಲ್ಲ. ಚಿಕ್ಕತಾಯಿಗೆ ಕೆಮ್ಮು ಬಂತು. ಡಾಕ್ಟರು ಎದ್ದು ಒಳಗೆ ಹೋಗಿ ಬೀರು ತೆರೆದರು. ಸ್ಟೆತಾಸ್ಕೋಪಿನ ರಬ್ಬರು ಗಟ್ಟಿಯಾಗಿತ್ತು. ಅದನ್ನೇ ಕಿವಿಗೆ ಹಾಕಿಕೊಂಡು, "ಉಸಿರು ಎಳ್ಕೊಳಮ್ಮ," ಎಂದರು. ಒಂದೇ ಜಾಗದಲ್ಲಿ ಮೂರು ಸಲ ಕೇಳಿದರು.

ಹೊರಡುವಾಗ ಅವರು ನನ್ನನ್ನು ಅವಳ ಕಡೆ ಸರಿಸಿದರು. ಅವಳು ಬೇಡವೆಂದು ಕೈಯಾಡಿಸಿದಳು. ಅವರಿಗೂ ಬೇಡವಾಗಿತ್ತು. ಸಂಜೆ ಜವರಯ್ಯ ನನ್ನನ್ನು ಎತ್ತಿ ಹಾರೆ, ಕುಂಡಗಳ ಜೊತೆ ತೋಟದ ಕೋಣೆಯಲ್ಲಿಟ್ಟ. ಅಲ್ಲೇ ಇದ್ದೇನೆ. ಡಾಕ್ಟರು ಇನ್ನೂ ಎಂಟು ವರ್ಷ ರೋಗಿಗಳನ್ನು ನೋಡಿದರೆಂದು ಗೇಟಿನ ಸದ್ದಿನಿಂದ ತಿಳಿದೆ. ಚಿಕ್ಕತಾಯಿಯ ಕೆಮ್ಮು ಏನಾಯಿತೋ ತಿಳಿಯದು.

ಮೈಯೆಲ್ಲ ಹಸಿರು ಕಿಲುಬು ಹತ್ತಿದೆ. ಅವರಿಬ್ಬರೂ ತಮ್ಮ ತಮ್ಮ ಪಾಲಿನ ತಪ್ಪನ್ನು ಆ ಬೆಂಚಿನ ಮೇಲೆ ಹೇಳಿಕೊಂಡರು. ನಾನು ನಡುವೆಯೇ ಇದ್ದೆ. ನನ್ನ ಪಾಲೂ ಇದೆ ಎಂದು ಯಾರಿಗೂ ಅನ್ನಿಸಲಿಲ್ಲ, ಲೋಹವನ್ನು ಯಾರು ವಿಚಾರಿಸುತ್ತಾರೆ? ಯಾರೂ ಕೇಳದೆ ಇದ್ದುದನ್ನು ಈಗ ನಾನಾಗಿಯೇ ಹೇಳಿದ್ದೇನೆ. ಹೇಳಿದರೆ ಭಾರ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ.