ಸೋಮವಾರದ ಬಿತ್ತನೆ

"ಪಡುವಲ ಮೋಡ ನೆಚ್ಕೊಂಡೋನು ಕೆಟ್ಟ ಕಣಯ್ಯ. ಅದು ಗುಡುಗ್ತದೆ ಅಷ್ಟೆ, ಒಂದು ಉಗುಳು ಬೀಳಕ್ಕಿಲ್ಲ," ಎಂದು ದೊಡ್ಡಯ್ಯ ಜಗಲಿಯ ಕಂಬಕ್ಕೆ ಒರಗಿದ್ದಂತೆಯೇ ತೀರ್ಪು ಕೊಟ್ಟ. "ಮಳೆ ಅಂದ್ರೆ ಮೂಡ್ಲು ಕಡೀದು. ಚನ್ನರಾಯಪಟ್ಟಣದ ಮೇಲೆ ಕರಿ ಕಂಬಳಿ ಆಸ್ದಂಗೆ ಎದ್ದು ಬರ್ಬೇಕು."

ಅಂಗಡಿ ಪಂಚಾಕ್ಷರಯ್ಯ ಒಪ್ಪಲಿಲ್ಲ. "ಅರಕಲಗೂಡಿನ ಕಡೆ ಮೋಡ ಎಂದಾದ್ರೂ ಸುಳ್ಳಾಡೈತಾ?"

"ಅದು ನಿನ್ನ ಮಾವನ ಸೀಮೆ, ಅದ್ಕೇ ಅಂಗಂತೀಯ. ಮದ್ವೇಲಿ ಕೊಡ್ತೀನಂದ ಜೋಡೆತ್ತು ಇನ್ನೂ ಅಲ್ಲಿಂದ ಒಂಟಿಲ್ಲ, ಮಳೆ ಒಂಟೀತಾ?"

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಪಂಚಾಕ್ಷರಯ್ಯನೂ ನಕ್ಕು ಎಲೆಗೆ ಸುಣ್ಣ ಸವರಿದ. ಹಳೇಕೋಟೆಗೆ ಹತ್ತಿರದ ಆ ಊರಿನಲ್ಲಿ ಅಶ್ವಿನಿ ಮಳೆ ಕಳೆದು ಭರಣಿ ಹುಟ್ಟುವ ಹೊತ್ತಿಗೆ ಬೇರೆ ಮಾತೇ ಇರುತ್ತಿರಲಿಲ್ಲ. ಪೇಟೆಯಿಂದ ಬಂದವರು ಜರ್ಮನಿಯವನು ಎಲ್ಲಿಗೆ ಬಂದ, ಜಪಾನಿನವನು ಎಲ್ಲಿಗೆ ಬಂದ ಎಂದು ಹೇಳಹೊರಟರೆ, ಮಳೆ ಎಲ್ಲಿಗೆ ಬಂತು ಅದನ್ನು ಹೇಳು ಎಂದು ಬಾಯಿ ಮುಚ್ಚಿಸುತ್ತಿದ್ದರು. ಅಂದು ಸೋಮವಾರ ಬೇರೆ. ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಬಸವಣ್ಣನಿಗೆ ವಾರಕ್ಕೊಂದು ದಿನ ಬಿಡುವು. ಅವನ ಬಿಡುವೇ ಒಕ್ಕಲಿಗೂ ಬಿಡುವು. ಹಾಗಾಗಿ ಬೆಳಗ್ಗೆಯೇ ಜಗಲಿ ತುಂಬಿತ್ತು.

ನೀಲಾಂಬಿಕೆ ಕೊಟ್ಟಿಗೆಯ ಗೋಡೆಯ ಮಗ್ಗುಲಲ್ಲಿ ನಿಂತಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗಂಡಸರ ಮಾತು ಒಂದು ಘಟ್ಟಕ್ಕೆ ಬರಲೆಂದು ಕಾಯುತ್ತಿದ್ದಳು. ದೊಡ್ಡಯ್ಯ ಅವಳ ಗಂಡನ ಅಣ್ಣ. ಗಂಡ ತೀರಿಕೊಂಡ ಮೇಲೆ ಅವಳ ಕೊಟ್ಟಿಗೆಯಲ್ಲಿ ಒಂದು ಕರೆಯುವ ಹಸು ಉಳಿದಿತ್ತೇ ಹೊರತು ಎತ್ತು ಉಳಿದಿರಲಿಲ್ಲ. ಹೋದ ಮುಂಗಾರಿನಲ್ಲಿ ಬಾವ ಎತ್ತು ಕೊಡುತ್ತೇನೆಂದಿದ್ದ, ಕೊಟ್ಟೂ ಇದ್ದ. ಆದರೆ ತನ್ನ ಹೊಲವೆಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಅವಳ ಹೊಲದ ಹದ ಆರಿ ಮಣ್ಣು ಹೆಂಟೆಗಟ್ಟಿತ್ತು. ಹೊಲ ಬೀಳುಬಿತ್ತು. ಈ ಯುಗಾದಿಯಲ್ಲಿ ನಾಲ್ಕು ಜನ ಹಿರಿಯರ ಎದುರಿಗೆ ದೊಡ್ಡಯ್ಯ ಸಮಾಧಾನದಿಂದಲೇ ಹೇಳಿದ್ದ: "ಈ ಮುಂಗಾರೂ ಬೀಳು ಬುಟ್ರೆ ಬೂಮ್ತಾಯಿ ಮೆಚ್ಚಕ್ಕಿಲ್ಲ. ಆಮೇಕೆ ವಾರಕ್ಕೆ ನಂಗೆ ಬುಟ್ಟುಕೊಡ್ಲಿ, ನಮ್ಮ ಒಲದ ಜತೇಲೇ ಉಳ್ತೀನಿ. ಬೆಳೇಲಿ ಅವಳ ಪಾಲು ಅವಳಿಗೆ ಬತ್ತದೆ." ಹಿರಿಯರು ತಲೆಯಾಡಿಸಿದ್ದರು. ಒಮ್ಮೆ ಎರಡು ಹೊಲಗಳ ನಡುವಿನ ಬದು ಒಡೆದರೆ ಮತ್ತೆ ಯಾರೂ ಕಟ್ಟುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನೀಲಾಂಬಿಕೆಗೂ ಗೊತ್ತಿತ್ತು.

"ಏನು ನೀಲಮ್ಮ?" ಎಂದ ದೊಡ್ಡಯ್ಯ.

"ಕೂರಿಗೆ ಬೇಕಾಗಿತ್ತು, ಬಾವಾರೆ. ಇವತ್ತೇ ಬಿತ್ತೋಣ ಅಂತ."

ಪಂಚಾಕ್ಷರಯ್ಯ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದ. "ದೂಳಿಗಾ ತಾಯಿ? ಮಳೆ ಬರೋಕ್ ಮುಂಚೆ ಬೀಜ ಚೆಲ್ಲಿದ್ರೆ ಗುಬ್ಬಿಗೆ ಔತಣ ಮಾಡ್ದಂಗೆ."

"ಸಂಜೆ ಒಳಗೆ ಮಳೆ ಬತ್ತದೆ."

"ಎಲ್ಲಿಂದ? ನಿಮ್ಮ ಬಾವ್ನ ದಿಕ್ಕಿಂದಲೋ, ನಂದ್ರಿಂದಲೋ?"

"ಬತ್ತದೆ," ಎಂದಳು.

ದೊಡ್ಡಯ್ಯನ ಮುಖ ಗಂಭೀರವಾಯಿತು. "ಇವತ್ತು ಸೋಮಾರ. ಎತ್ತು ಕಟ್ಟಕ್ಕಿಲ್ಲ ಅನ್ನೋದು ನಿಂಗೆ ಏಳ್ಕೊಡ್ಬೇಕಾ?"

"ನಾನು ಎತ್ತು ಕೇಳ್ನಿಲ್ಲ ಬಾವಾರೆ. ಕೂರಿಗೆ ಕೇಳ್ದೆ."

ಅವನಿಗೆ ಇಲ್ಲವೆನ್ನಲು ಕಾರಣ ಸಿಗಲಿಲ್ಲ. ಅಟ್ಟದ ಕೆಳಗೆ ಒರಗಿಸಿದ್ದ ಮೂರು ತಾಳಿನ ಕೂರಿಗೆಯ ಕಡೆಗೆ ಗಲ್ಲ ಆಡಿಸಿದ.

ಮಳೆ ಬರುತ್ತದೆಂದು ಅವಳು ಸುಮ್ಮನೆ ಹೇಳಿದ್ದಲ್ಲ. ಚಿಕ್ಕಂದಿನಿಂದ ಅವಳಿಗೆ ಅದೊಂದು ಹುಚ್ಚು. ಈ ಹುಚ್ಚಿಗೆ ಊರಿನಲ್ಲಿ ಅವಳಿಗೆ ಒಬ್ಬಳೇ ಜೊತೆಗಾತಿ, ಕೇರಿಯ ಮಾಯಮ್ಮ. ಮಾಯಮ್ಮ ಸಂಜೆ ಹುಲ್ಲಿನ ಹೊರೆ ತಂದುಹಾಕಿ ಅಂಗಳದ ಅಂಚಿನಲ್ಲಿ ಕೂರುತ್ತಿದ್ದಳು, ನೀಲಾಂಬಿಕೆ ಹೊಸ್ತಿಲಲ್ಲಿ ಕೂರುತ್ತಿದ್ದಳು. ನಡುವೆ ಅಂಗಳ. ಅಂಗಳದ ಮೇಲೆ ಇಬ್ಬರಿಗೂ ಸೇರಿದ ಆಕಾಶ. ಮಿಂಚು ಯಾವ ಮೂಲೆಯಲ್ಲಿ ಎಷ್ಟು ಕೆಳಗೆ ಹೊಡೆಯಿತು, ಗಾಳಿಯಲ್ಲಿ ಹೊಳೆಯ ಪಾಚಿಯ ವಾಸನೆ ಇತ್ತೋ ಇಲ್ಲವೋ ಎಂದು ಕತ್ತಲಾಗುವ ತನಕ ಚರ್ಚೆ ನಡೆಯುತ್ತಿತ್ತು.

ಆ ಬೆಳಗ್ಗೆ ನೀಲಾಂಬಿಕೆ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದ್ದಾಗ ಹೊಳೆನರಸೀಪುರದ ಕಡೆಯ ರೈಲಿನ ಕೂಗು ಹಿತ್ತಲಲ್ಲೇ ಕೂಗಿದಂತೆ ಕೇಳಿಸಿತ್ತು. ಒಣ ಗಾಳಿಯ ದಿನ ಅದು ಇಷ್ಟು ದೂರ ಬರುವುದಿಲ್ಲ. ಎದ್ದು ನೋಡಿದರೆ ಉಪ್ಪಿನ ಗಡಿಗೆ ಬೆವೆತು ಸುತ್ತಲಿನ ನೆಲ ಒದ್ದೆಯಾಗಿತ್ತು. ಅಷ್ಟರಲ್ಲಿ ಮಾಯಮ್ಮ ಏದುಸಿರು ಬಿಡುತ್ತ ಬಂದಿದ್ದಳು: "ಅವ್ವಾರೆ, ನಮ್ಮ ಗುಡ್ಲ ಇರುವೆ ಮೊಟ್ಟೆ ಒತ್ಕಂಡು ಸೂರಿಗೆ ಅತ್ತವೆ. ಸಾಲು ಇಟ್ಟವೆ, ಗುಳೆ ಓಯ್ತಾ ಅವೆ!" ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇವತ್ತು ಮಳೆ ಬಿದ್ದರೆ ನಾಳೆಯಿಂದ ಊರಿನ ಎತ್ತೆಲ್ಲ ಅವರವರ ಹೊಲದಲ್ಲಿರುತ್ತವೆ. ತನ್ನ ಸರದಿ ಬರುವುದು ಹದ ಆರಿದ ಮೇಲೆಯೇ. ಅಶ್ವಿನಿಯಲ್ಲಿ ಒಂದು ಸಲ ನೆಲ ನೆನೆದಾಗ ಕಾಡಿಬೇಡಿ ಉಳುಮೆಯೇನೋ ಮಾಡಿಸಿದ್ದಳು. ಉಳಿದದ್ದು ಬಿತ್ತನೆ. "ಬಿತ್ತೋದು ನನ್ನ ಪಾಲಿಂದು, ಬರ್ಸೋದು ನಿನ್ನ ಪಾಲಿಂದು ತಂದೆ," ಎಂದು ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡಳು.

ಹೊಲದಲ್ಲಿ ಮಾಯಮ್ಮನ ಗಂಡ ಬೈರಯ್ಯ ಕೂರಿಗೆಯನ್ನು ನಿಲ್ಲಿಸಿ ಹಗ್ಗ ಕಟ್ಟಿದ. ಎಳೆಯುವುದು ತಾನು ಮತ್ತು ಮಾಯಮ್ಮ ಎಂದುಕೊಂಡಿದ್ದ. ನೀಲಾಂಬಿಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಗ್ಗದ ಒಂದು ಕುಣಿಕೆಯನ್ನು ಹೆಗಲಿಗೆ ಹಾಕಿಕೊಂಡಾಗ ಅವನು ಬೆಚ್ಚಿದ.

"ಅಯ್ಯೋ ಬ್ಯಾಡಿ ಅವ್ವಾರೆ, ನಾವಿಲ್ವಾ?"

"ನೀನು ಎಳೆದ್ರೆ ಬೀಜ ಬಿಡೋರು ಯಾರು? ಕೂರಿಗೆ ಅದುಮೋಕೆ ನನ್ನ ಕೈಯಲ್ಲಿ ಕಸುವಿಲ್ಲ. ಎಳೆಯೋಕೆ ಕಾಲಲ್ಲಿ ಐತೆ."

ಮಾಯಮ್ಮ ಇನ್ನೊಂದು ಕುಣಿಕೆಯನ್ನು ಹಿಡಿದುಕೊಂಡು ಸ್ವಲ್ಪ ಹಿಂದೆಯೇ ನಿಂತಳು. ಮೈಗೆ ಮೈ ತಾಗದೆ ಆ ಹಗ್ಗ ಎಳೆಯುವಂತಿರಲಿಲ್ಲ.

"ಬಾರೇ ಮಾಯಿ," ಎಂದಳು ನೀಲಾಂಬಿಕೆ. "ಮೋಡ ಕಾಯ್ತದಾ?"

ಮೊದಲ ಸಾಲಿನಲ್ಲಿ ಕೂರಿಗೆ ಹಾವಿನಂತೆ ಹೊರಳಿತು. ಎರಡನೆಯದರಲ್ಲಿ ಇಬ್ಬರ ಹೆಜ್ಜೆ ಕೂಡಿತು. ಬೈರಯ್ಯ ಕೂರಿಗೆಯ ಬಟ್ಟಲಿಗೆ ಜೋಳ ಬಿಡುತ್ತ, "ಹುಟ್ಟಿದಾಗಿಂದ ಇಂಥ ಎತ್ತು ಒಡೆದಿಲ್ಲ ಕಣಪ್ಪಾ. ಎಡದ್ದು ಸಾದು, ಬಲದ್ದು ಹಾಯೋ ಎತ್ತು," ಎಂದ.

"ಬಲದ್ದು ಒದೀತದೆ ಕೂಡ. ಬಾಯಿ ಮುಚ್ಕೊಂಡು ಬೀಜ ಬುಡು," ಎಂದಳು ಬಲಗಡೆಯಿದ್ದ ಮಾಯಮ್ಮ. ನೀಲಾಂಬಿಕೆಗೆ ನಗು ಬಂದು ಹೆಜ್ಜೆ ತಪ್ಪಿತು.

ಹೊತ್ತು ಏರಿತು. ಧೂಳು ಮೂಗಿಗೂ ಬಾಯಿಗೂ ತುಂಬಿತು. ಹಗ್ಗ ಹೆಗಲಿನ ಚರ್ಮವನ್ನು ಕೆಂಪಗೆ ಮಾಡಿ, ಆಮೇಲೆ ಸುಲಿಯಿತು. ಗಾಳಿ ಸತ್ತುಹೋಗಿತ್ತು. ಮೂಡಲಲ್ಲಿ ಒಂದು ಮೋಡ ಎದ್ದು, ದೊಡ್ಡಯ್ಯ ಹೇಳಿದ ಕಂಬಳಿಯ ಹಾಗೆಯೇ ಹರಡಿ, ನಡುನೆತ್ತಿಗೆ ಬರುವಷ್ಟರಲ್ಲಿ ಅರಳೆಯಂತೆ ಚದುರಿಹೋಯಿತು. ಅರ್ಧ ಹೊಲ ಮುಗಿದಿತ್ತು. ಆಗ ನಾಲ್ಕು ಹನಿ ಬಿತ್ತು.

ಇಬ್ಬರೂ ನಿಂತರು. ನೀಲಾಂಬಿಕೆ ಬಿಸಿಲಿಗೆ ಹೆದರಿರಲಿಲ್ಲ, ಗುಬ್ಬಿಗೆ ಹೆದರಿರಲಿಲ್ಲ. ಅವಳು ಹೆದರಿದ್ದು ಇದಕ್ಕೇ. ಮಳೆ ಬಾರದಿದ್ದರೆ ಒಣ ಮಣ್ಣಿನಲ್ಲಿ ಬೀಜ ಮುಂದಿನ ಮಳೆಗೆ ಕಾದೀತು. ಜೋರಾಗಿ ಬಂದರೆ ಸರಿಯೇ ಸರಿ. ಮಣ್ಣಿನ ತುಟಿ ಮಾತ್ರ ಒದ್ದೆ ಮಾಡಿ ಹೋಗುವ ಮಳೆ ಬೀಜಕ್ಕೆ ಆಸೆ ಹುಟ್ಟಿಸಿ ಕೊಲ್ಲುತ್ತದೆ. ಮೊಳಕೆ ಕಣ್ಣು ಬಿಡುತ್ತದೆ, ಕುಡಿಯಲು ನೀರಿರುವುದಿಲ್ಲ. ಮನೆಯಲ್ಲಿ ಬೇರೆ ಬಿತ್ತನೆ ಬೀಜವೂ ಇರಲಿಲ್ಲ.

ಹನಿ ನಿಂತಿತು. ಮತ್ತೆ ಬಿಸಿಲು.

ಬದುವಿನ ಮೇಲೆ ದೊಡ್ಡಯ್ಯ ಮತ್ತು ಪಂಚಾಕ್ಷರಯ್ಯ ಬಂದು ನಿಂತದ್ದು ಆಗಲೇ. ಸುದ್ದಿ ಊರೊಳಗೆ ಓಡಿರಬೇಕು. ದೊಡ್ಡಯ್ಯನ ಮುಖ ಕಪ್ಪಿಟ್ಟಿತ್ತು.

"ನೀಲಮ್ಮ, ಇದೇನು ಇದು? ನಮ್ಮನೆ ಸೊಸೆ ಹೆಗಲಿಗೆ ಅಗ್ಗ ಆಕ್ಕೊಂಡ್ಳು ಅಂತ ಊರು ಆಡ್ಕೋಬೇಕಾ? ಅದೂ ಇವಳ ಜತೇಲಿ, ಮೈಗೆ ಮೈ ಉಜ್ಕೊಂಡು!"

ಮಾಯಮ್ಮ ಹಗ್ಗ ಬಿಟ್ಟು ಪಕ್ಕಕ್ಕೆ ಸರಿಯಲು ಹೋದಳು. ನೀಲಾಂಬಿಕೆ ಅವಳ ಮೊಣಕೈ ಹಿಡಿದು ನಿಲ್ಲಿಸಿಕೊಂಡಳು.

"ಬಸವಣ್ಣನಿಗೆ ಇವತ್ತು ಬಿಡುವು ಬಾವಾರೆ. ನಮಗಿಬ್ಬರಿಗೂ ಇಲ್ಲ."

ದೊಡ್ಡಯ್ಯ ಸ್ವಲ್ಪ ತಗ್ಗಿದ. ಅವನು ಕೆಟ್ಟವನಲ್ಲ, ಎಲ್ಲವೂ ತನ್ನ ಕೈಕೆಳಗೆ ಇದ್ದರೆ ನೆಟ್ಟಗಿರುತ್ತದೆ ಎಂದು ನಂಬಿದವನು. "ನೋಡವ್ವ, ಬುಟ್ಬುಡು. ಮನೆಗೋಗು. ಪಂಚಾಕ್ಷರಿ ಎದುರಿಗೆ ಏಳ್ತೀನಿ, ನಾಳೆ ಬೆಳಿಗ್ಗೆ ನನ್ನ ಎತ್ತು ನಿನ್ನ ಒಲಕ್ಕೆ ಬತ್ತವೆ. ಸಾಕಾ?"

ಸಾಕು ಎಂದು ಅವಳ ಹೆಗಲು ಹೇಳಿತು, ಕಾಲು ಹೇಳಿತು. ಹನಿ ನಿಂತ ಆಕಾಶವೂ ಅದನ್ನೇ ಹೇಳುವಂತಿತ್ತು. ನೀಲಾಂಬಿಕೆ ಕಣ್ಣೆತ್ತಿ ಬಾವನ ಮುಖ ನೋಡಿದಳು. ಮದುವೆಯಾಗಿ ಬಂದಂದಿನಿಂದ ಅಷ್ಟು ನೇರವಾಗಿ ನೋಡಿರಲಿಲ್ಲ.

"ರಾತ್ರಿ ಮಳೆ ಬಿದ್ರೂ ಕೊಡ್ತೀರಾ, ಬಾವಾರೆ?"

ದೊಡ್ಡಯ್ಯ ಬಾಯಿ ತೆರೆದ. ಪಂಚಾಕ್ಷರಯ್ಯ ಅವನ ಕಡೆಗೆ ತಿರುಗಿ ಉತ್ತರಕ್ಕೆ ಕಾದ. ಹದದ ಮೊದಲ ಬೆಳಗ್ಗೆ ತನ್ನ ಎತ್ತನ್ನು ಇನ್ನೊಬ್ಬರ ಹೊಲಕ್ಕೆ ಕಳಿಸಿದ ಒಕ್ಕಲು ಆ ಸೀಮೆಯಲ್ಲಿ ಇಲ್ಲ. ದೊಡ್ಡಯ್ಯ ಸುಳ್ಳು ಹೇಳುವವನೂ ಅಲ್ಲ. ಬಾಯಿ ಮುಚ್ಚಿದ.

ನೀಲಾಂಬಿಕೆ ಕುಣಿಕೆಯನ್ನು ಸುಲಿದ ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿದಳು. "ನಡಿಯೇ ಮಾಯಿ."

ಅವರು ಆ ತುದಿ ಮುಟ್ಟಿ ತಿರುಗುವಾಗ ಬದುವಿನ ಮೇಲೆ ಪಂಚಾಕ್ಷರಯ್ಯನೊಬ್ಬನೇ ಉಳಿದಿದ್ದ. ಅವನು ಹುಬ್ಬಿಗೆ ಕೈ ಅಡ್ಡ ಹಿಡಿದು ಪಡುವಲನ್ನೇ ನೋಡುತ್ತಿದ್ದ. "ತಾಯೀ," ಎಂದು ಕೂಗಿದ, ಅವನ ದನಿ ಹುಡುಗನ ದನಿಯಂತಾಗಿತ್ತು, "ನಮ್ಮ ಮಾವನ ಸೀಮೆ ಕಪ್ಪಾಯ್ತಾ ಅದೆ! ಬೇಗ! ಬೇಗ!"

ಅದು ಬಂದ ರೀತಿಯೇ ಬೇರೆ. ಮೊದಲು ಆಕಾಶದ ಬುಡ ನೇರಳೆಯಾಯಿತು. ಆಮೇಲೆ ತಣ್ಣನೆಯ ಒಂದು ಉಸಿರು ಹೊಲದ ಮೇಲೆ ಹಾದು ಬೆವರನ್ನು ಆರಿಸಿತು. ಹಕ್ಕಿಗಳು ಒಂದೇ ದಿಕ್ಕಿಗೆ ಹಾರಿದವು. ಪಂಚಾಕ್ಷರಯ್ಯ ಪಂಚೆ ಎತ್ತಿಕೊಂಡು ಊರಿನ ಕಡೆಗೆ ಓಡಿದ. ಗುಡುಗು ನೆಲದೊಳಗಿಂದ ಬಂದಂತೆ ಅಂಗಾಲಿಗೆ ತಾಗಿತು. ಬೈರಯ್ಯ, "ಸಾಕು ಅವ್ವಾರೆ, ಸಿಡ್ಲು ಬಡೀತದೆ," ಎಂದ. ಮೂಲೆಯ ತುಂಡು ಉಳಿದಿತ್ತು. ಇಬ್ಬರು ಹೆಂಗಸರೂ ಓಡುವವರಂತೆ ಎಳೆದರು. ಬಟ್ಟಲಿಗೆ ಕೊನೆಯ ಹಿಡಿ ಜೋಳ ಬಿದ್ದಾಗ ಹನಿ ದಪ್ಪವಾಗಿತ್ತು. ಧೂಳಿನಲ್ಲಿ ಒಂದೊಂದೂ ಕಾಸಿನಗಲ ಗುಳಿ ತೋಡುತ್ತಿತ್ತು. ಹುಣಸೆಮರದ ಕಡೆಗೆ ಓಡಹೊರಟ ಬೈರಯ್ಯನನ್ನು ಮಾಯಮ್ಮ ಕೂಗಿ ತಡೆದಳು. ಮೂವರೂ ಬದುವಿನ ತಗ್ಗಿನಲ್ಲಿ ಒಂದೇ ಗೋಣಿಚೀಲ ಹೊದ್ದು ಮುದುರಿ ಕುಳಿತರು.

ಮಳೆ ಸುರಿಯಿತು. ಮಾತು ಕೇಳಿಸದಂತೆ ಸುರಿಯಿತು. ಮಿಂಚಿಗೆ ಹೊಲವೆಲ್ಲ ಬೆಳ್ಳಗಾಗಿ, ಕೂರಿಗೆ ಗೀರಿದ ಸಾಲುಗಳು ಕಂಡು, ಮತ್ತೆ ಕತ್ತಲಾಗುತ್ತಿತ್ತು. ನೀಲಾಂಬಿಕೆ ಗೋಣಿಯ ಕೆಳಗೆ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಸಾಕು ಎಂದೂ ಬೇಡಲಿಲ್ಲ, ಇನ್ನೂ ಎಂದೂ ಬೇಡಲಿಲ್ಲ. ಮಾಯಮ್ಮ ಅವಳ ಕಿವಿಗೆ ಬಾಯಿಟ್ಟು ಕೂಗಿದಳು: "ಭರಣಿ ಅಲ್ಲ ಕಣ್ರವ್ವಾ, ಭರಣಿಗೇ ಅವ್ವ ಇವ್ಳು!"

ಬೆಳಗ್ಗೆ ಊರು ಖಾಲಿಯಾಗಿತ್ತು. ಜಗಲಿಯ ಮೇಲೆ ನಾಯಿ ಮಲಗಿತ್ತು. ನೇಗಿಲು, ಎತ್ತು, ಬೀಜದ ಕುಕ್ಕೆ, ಎಲ್ಲವೂ ಹೊಲದ ದಾರಿ ಹಿಡಿದಿದ್ದವು. ನೀಲಾಂಬಿಕೆ ತನ್ನ ಹೊಲದ ಅಂಚಿನಲ್ಲಿ ಮಂಡಿಯೂರಿ ಮಣ್ಣಿನೊಳಕ್ಕೆ ಕೈ ತೂರಿಸಿದಳು. ಮೊಣಕೈವರೆಗೂ ತಂಪಿತ್ತು. ಕೈಯನ್ನು ಸೀರೆಗೆ ಒರೆಸಿಕೊಳ್ಳದೆ ಬದುವಿನ ಮೇಲೆ ಕುಳಿತಳು. ಮಾಡಲು ಕೆಲಸವಿರಲಿಲ್ಲ. ಮಾಯಮ್ಮ ಬಂದು ಪಕ್ಕದಲ್ಲಿ ಕುಳಿತಳು. ಗಾಳಿ ಯಾವ ಕಡೆಯದು, ಮುಂದಿನ ಕೃತ್ತಿಕೆ ಮಳೆ ಹೇಗೆ ಬಂದೀತು ಎಂದು ಶುರುಮಾಡಿದರು.

ದೊಡ್ಡಯ್ಯ ಜೋಡೆತ್ತು ಹೊಡೆದುಕೊಂಡು ಬಂದ. ನೇಗಿಲು ಹೆಗಲ ಮೇಲಿತ್ತು. ಅವಳ ಹೊಲ ಬೀಳುಬಿದ್ದಂದಿನಿಂದ ಅವನ ಎತ್ತುಗಳು ಅದನ್ನು ಅಡ್ಡಹಾಯ್ದೇ ಆಚೆಯ ಹೊಲಕ್ಕೆ ಹೋಗುವುದು ರೂಢಿ. ಇಂದೂ ಅವು ತಾವಾಗಿಯೇ ಮೂಲೆಯಲ್ಲಿ ಒಳಕ್ಕೆ ತಿರುಗಿದವು. ಮುಂದಿನದು ಒಂದು ಕಾಲು ಎತ್ತಿತ್ತು. ದೊಡ್ಡಯ್ಯ ಮೂಗುದಾರ ಜಗ್ಗಿದ. ಸಾಲುಗಳ ಉದ್ದಕ್ಕೂ ಒಮ್ಮೆ ನೋಡಿದ. ಹೆಂಗಸರ ಕಡೆಗೆ ನೋಡಲಿಲ್ಲ.

"ಅತ್ಲಾಗಿ ಅಲ್ಲ," ಎಂದು ಎತ್ತಿಗೆ ಹೇಳಿ, ಅವುಗಳನ್ನು ಹಿಂದಕ್ಕೆ ಸರಿಸಿ, ಬದುವಿನ ಸುತ್ತುದಾರಿ ಹಿಡಿದ. ಕೆಸರಿನಲ್ಲಿ ಅವುಗಳ ಕೊರಳ ಗಂಟೆ ನಿಧಾನವಾಗಿ ಆ ಹೊಲದ ಒಂದು ಮಗ್ಗುಲು ಸುತ್ತಿತು, ಆಮೇಲೆ ಇನ್ನೊಂದು ಮಗ್ಗುಲು.