ವರ್ಷತೊಡಕಿನ ಟರ್ಕಿ

"ಅಮ್ಮ, ಚಾಕು ಕೆಳಗಿಡು," ಎಂದಳು ಸುಶ್ಮಿತಾ. "ಈಗ ಕೊಯ್ದರೆ ರಸ ಎಲ್ಲಾ ತಟ್ಟೆಗೆ ಹರಿದುಹೋಗುತ್ತೆ. ಅರ್ಧ ಗಂಟೆ ಹಾಗೇ ಇರ್ಲಿ."

ಸಣ್ಣಮ್ಮ ಚಾಕು ಹಿಡಿದೇ ನಿಂತಳು. ಗಂಡ ಜಯಪ್ಪ ಆಗಷ್ಟೇ ಬೇಕರಿಯ ಭಟ್ಟಿಯಿಂದ ಬೈಕಿನಲ್ಲಿ ತಂದಿಳಿಸಿದ ಟರ್ಕಿ ಕೋಳಿ ಇಡಿಯಾಗಿ, ಹೊಂಬಣ್ಣಕ್ಕೆ ತಿರುಗಿ ದೊಡ್ಡ ತಟ್ಟೆ ತುಂಬ ಕೂತಿತ್ತು. ಭದ್ರಾವತಿಯ ಆ ಪುಟ್ಟ ಕ್ವಾರ್ಟರ್ಸಿನ ನಡುಮನೆಯಲ್ಲಿ ಎಲೆ ಹಾಕಿ ಆಗಿತ್ತು. ವರ್ಷತೊಡಕಿನ ಊಟಕ್ಕೆಂದು ಆಯನೂರಿನಿಂದ ಬಂದಿದ್ದ ಜಯಪ್ಪನ ಅಣ್ಣ ರಂಗಪ್ಪ ಕೈ ತೊಳೆದು ಎಲೆಯ ಮುಂದೆ ಕೂತುಬಿಟ್ಟಿದ್ದರು.

ಹೋದ ವರ್ಷವೂ ಟರ್ಕಿಯೇ. ಸಣ್ಣಮ್ಮ ಕುಕ್ಕರಿನಲ್ಲಿ ಎಂಟು ಸೀಟಿ ಕೂಗಿಸಿ ಸಾರು ಮಾಡಿದ್ದಳು. ಭಾವ ಎರಡು ತುಂಡು ಅಗಿದು, ತೆಂಗಿನ ನಾರು ಬೇಯಿಸಿದ್ಯಾ ಎಂದು ಕೇಳಿದ್ದರು. ಅದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಆದರೆ ಮಗಳು ಶಿವಮೊಗ್ಗದ ಹೋಟೆಲೊಂದರ ಅಡುಗೆಮನೆಗೆ ಕೆಲಸಕ್ಕೆ ಸೇರಿದಾಗ, ಓದಿದ ಹುಡುಗಿಯನ್ನು ಸೌಟು ಹಿಡಿಯಲು ಕಳಿಸಿದ್ದೀರಲ್ಲ ಎಂದು ನೆಂಟರ ಮದುವೆಯಲ್ಲಿ ನಾಲ್ಕು ಜನರೆದುರು ಅವರು ಆಡಿದ ಮಾತು ಮಾತ್ರ ಗಂಟಲಲ್ಲೇ ಉಳಿದಿತ್ತು.

ಈ ಸಲ ಕೋಳಿಯನ್ನು ತನಗೇ ಬಿಡಬೇಕೆಂದು ಸುಶ್ಮಿತಾ ಕೇಳಿದ್ದಳು. ಹೆಚ್ಚಿನದೇನೂ ಇಲ್ಲ, ಒಂದು ದಿನ ಮುಂಚೆ ಉಪ್ಪು ಸವರಿ ತಣ್ಣಗಿಡಬೇಕು, ಮರುದಿನ ಬೆಣ್ಣೆ ಸವರಿ ಭಟ್ಟಿಗೆ ಕಳಿಸಬೇಕು, ಅಷ್ಟೇ. ಆದರೆ ಒಂದು ದಿನ ಮುಂಚೆ ಎಂದರೆ ಯುಗಾದಿ. ಹೋಳಿಗೆಯ ದಿನ ಮಾಂಸ ಹೊಸಿಲು ದಾಟುವಂತಿರಲಿಲ್ಲ. ದಾರಿ ಹುಡುಕಿದವಳು ಸಣ್ಣಮ್ಮನೇ. ಪಕ್ಕದ ಮನೆಯ ಸೆಲ್ವಿಗೆ ಯುಗಾದಿ ಇಲ್ಲ, ಅವರ ತಮಿಳು ಹೊಸ ವರ್ಷಕ್ಕೆ ಇನ್ನೂ ದಿನವಿತ್ತು. ಹೊಳಲೂರಿನಿಂದ ತಂದ ಕೋಳಿ ಸೆಲ್ವಿಯ ಹಿತ್ತಲಲ್ಲೇ ಕ್ಲೀನಾಗಿ, ಅವಳ ಫ್ರಿಜ್ಜಿನಲ್ಲೇ ಉಳಿಯಿತು. ಸುಶ್ಮಿತಾ ಅಲ್ಲೇ ಉಪ್ಪು ಸವರಿ ಬಂದು, ಇನ್ನೊಮ್ಮೆ ಸ್ನಾನ ಮಾಡಿ, ಅಮ್ಮನ ಜೊತೆ ಹೋಳಿಗೆ ತಟ್ಟಲು ಕೂತಿದ್ದಳು.

"ಸಣ್ಣಮ್ಮ, ಎಲೆ ಒಣಗ್ತಾ ಇದೆ," ಎಂದರು ನಡುಮನೆಯಿಂದ ರಂಗಪ್ಪ. "ಕೋಳಿ ಟರ್ಕಿ ದೇಶದಿಂದ ನಡ್ಕೊಂಡು ಬರ್ತಾ ಇದ್ಯಾ?"

ಜಯಪ್ಪ ಒಳಗೆ ಬಂದು, ಅಣ್ಣನಿಗೆ ಸಿಟ್ಟು ಬರುತ್ತದೆ, ಒಂದು ಕಾಲನ್ನಾದರೂ ಕಿತ್ತು ಬಡಿಸಿ ಎಂದು ಪಿಸುಗುಟ್ಟಿದ. ಮಗಳು ಅಮ್ಮನ ಮುಖ ನೋಡಿದಳು. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಎಲೆಯ ಮುಂದೆ ಕೂತವರನ್ನು ಸಣ್ಣಮ್ಮ ಒಮ್ಮೆಯೂ ಕಾಯಿಸಿದವಳಲ್ಲ. ಅವಳು ಚಾಕು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ನಡುಮನೆಗೆ ಹೋದಳು.

"ಭಾವ, ಇನ್ನೂ ಅರ್ಧ ಗಂಟೆ ಆಗುತ್ತೆ. ಈಗ್ಲೇ ಕೊಯ್ಯಬಾರದಂತೆ. ಕೆಲಸ ಗೊತ್ತಿರೋಳು ಹೇಳಿದ್ದಾಳೆ."

ರಂಗಪ್ಪ ಅವಳನ್ನೇ ನೋಡಿದರು. ಎದ್ದು ಹೊರಟೇಬಿಡುತ್ತಾರೇನೋ ಎಂದು ಜಯಪ್ಪ ಬಾಗಿಲಲ್ಲೇ ನಿಂತ. ಅವರು ಏಳಲಿಲ್ಲ, ಎಲೆಯ ತುದಿಯಲ್ಲಿದ್ದ ಉಪ್ಪಿನಕಾಯಿಯನ್ನು ಬೆರಳಲ್ಲಿ ಚೂರು ಚೂರೇ ನೆಕ್ಕುತ್ತ ಕೂತರು.

ಗಡಿಯಾರ ನೋಡಿಯೇ ಸುಶ್ಮಿತಾ ಚಾಕು ಎತ್ತಿದಳು. ಎದೆಯ ಮಾಂಸ ಹೋಳು ಹೋಳಾಗಿ, ಒದ್ದೆಯಾಗಿ ಹೊಳೆಯುತ್ತ ಬಿಚ್ಚಿಕೊಂಡಿತು. ತಟ್ಟೆಗೆ ಇಳಿದ ರಸ ಎರಡು ಚಮಚವೂ ಇರಲಿಲ್ಲ. ಸಣ್ಣಮ್ಮ ಮೊದಲು ಭಾವನ ಎಲೆಗೆ ಬಡಿಸಿದಳು.

ರಂಗಪ್ಪ ಮೊದಲ ತುಂಡನ್ನು ಅನುಮಾನದಿಂದಲೇ ಬಾಯಿಗಿಟ್ಟರು. ಮುದ್ದೆ ಮುಟ್ಟದೆ ಎರಡನೇ ಸಲ ಬಡಿಸಿಕೊಂಡರು. ಮೂರನೇ ಸಲವೂ ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ.

"ಏನ್ ಮಸಾಲೆ ಹಾಕಿದ್ಯಮ್ಮ ಇದಕ್ಕೆ?"

"ಉಪ್ಪು, ಬೆಣ್ಣೆ, ಅಷ್ಟೇ. ನಾನು ಕೈ ಹಾಕಿಲ್ಲ ಭಾವ. ಎಲ್ಲಾ ನಿಮ್ಮ ಸುಶ್ಮಿತಾದೇ."

ಅವರು ಕೈಯಲ್ಲಿದ್ದ ಮೂಳೆಯನ್ನು ಪೂರ್ತಿ ಚೀಪಿ ಪಕ್ಕಕ್ಕಿಟ್ಟು, ಅಡುಗೆಮನೆಯ ಕಡೆ ಕತ್ತು ಚಾಚಿದರು. "ಏ ಮಾರಾಯ್ತಿ, ಅಲ್ಲೇನ್ ನಿಂತಿದ್ದೀಯ? ಬಾ, ನೀನೂ ಕೂತ್ಕೊಂಡು ಉಣ್ಣು."

ಚಾಪೆಯ ಮೇಲೆ ಒಂದಿಷ್ಟು ಸರಿದು ಜಾಗ ಬಿಟ್ಟರು. ಸಣ್ಣಮ್ಮ ಇನ್ನೊಂದು ಎಲೆ ತಂದು ಅವರ ಪಕ್ಕದಲ್ಲಿ ಹಾಸಿ, ನೀರು ಚಿಮುಕಿಸಿ ಅಂಗೈಯಿಂದ ಒರೆಸಿದಳು. ಒರೆಸಿ ಆದ ಮೇಲೂ ಇನ್ನೊಮ್ಮೆ ಒರೆಸಿದಳು.