ಪಟ್ಟಿಯೊಳಗಿನ ಪದರ

ನಮಗೆ ರೋಗಿಯ ಹೆಸರು ಗೊತ್ತಿರುವುದಿಲ್ಲ, ಮೂಳೆ ಮಾತ್ರ ಗೊತ್ತಿರುತ್ತದೆ. ಈ ಸಲ ಒಬ್ಬ ಹೆಂಗಸಿನ ಕೆಳದವಡೆ. ಗೆಡ್ಡೆಯಿರುವ ಭಾಗವನ್ನು ಕತ್ತರಿಸಿ, ಆ ಜಾಗಕ್ಕೆ ಟೈಟೇನಿಯಂ ಪಟ್ಟಿ ಕೂರಿಸಬೇಕು. ಅಗಿಯುವ ಒತ್ತಡವನ್ನು ಪಟ್ಟಿ ತಾಳುತ್ತದೆಯೇ ಎಂದು ಸ್ಯಾನ್ ಹೊಸೆಯ ನಮ್ಮ ಆಫೀಸಿನಲ್ಲಿ ಮೊದಲೇ ಲೆಕ್ಕ ಹಾಕಿ ನೋಡುತ್ತೇವೆ. ಅದಕ್ಕೆಂದು ಕಂಪ್ಯೂಟರಿನಲ್ಲಿ ಇಡೀ ಪಟ್ಟಿಯನ್ನು ಆರು ಮುಖದ ಪುಟ್ಟ ಇಟ್ಟಿಗೆಗಳಿಂದ ಕಟ್ಟುತ್ತೇವೆ.

ಈ ಇಟ್ಟಿಗೆಗಳದು ಮಹಾ ಹಟ. ಒಂದನ್ನು ಕಿತ್ತರೆ ಅದೊಂದೇ ಬರುವುದಿಲ್ಲ. ಅದು ನಿಂತಿರುವ ಪದರವೇ ಆ ತುದಿಯಿಂದ ಈ ತುದಿಯವರೆಗೂ ಎದ್ದು ಬರುತ್ತದೆ. ನಮ್ಮ ತಂಡದ ಮುಖ್ಯಸ್ಥ ಅಚ್ಯುತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಪಟ್ಟಿಯ ತಿರುವಿನಲ್ಲಿ ಒಂದು ಇಟ್ಟಿಗೆ ಒಳಹೊರಗಾಗಿ ಲೆಕ್ಕ ನಿಂತಾಗ, ಅವಸರದಲ್ಲಿ ಆ ಪದರವನ್ನೇ ತೆಗೆದುಬಿಟ್ಟ. ಲೆಕ್ಕ ಓಡಿತು. ಪಟ್ಟಿ ಗಟ್ಟಿಯಾಗಿದೆ ಎಂದು ಆಸ್ಪತ್ರೆಗೆ ಬರೆದೂ ಕಳಿಸಿದ.

ಆಪರೇಷನ್ನಿನ ದಿನ ಬೆಳಿಗ್ಗೆ ಅವನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಅದೇ ಪದರ ಇನ್ನೊಂದು ತುದಿಯ ಸ್ಕ್ರೂ ತೂತಿನ ಅಂಚಿನಲ್ಲೂ ಹಾದುಹೋಗಿತ್ತು. ಎರಡು ಪದರವಿದ್ದ ಕಡೆ ಈಗ ಒಂದೇ ಉಳಿದಿತ್ತು. ಒಂದೇ ಪದರವಿದ್ದರೆ ಅಲ್ಲಿ ಬೀಳುವ ಒತ್ತಡ ಲೆಕ್ಕಕ್ಕೆ ಸಿಗುವುದೇ ಇಲ್ಲ.

"ಅಚ್ಯುತ, ತೂತಿನ ಹತ್ರ ಚೆಕ್ ಮಾಡಿದ್ಯಾ?"

"ಅದು ಲೋಕಲ್ ಚೇಂಜು, ವಸುಧಾ. ತಿರುವಲ್ಲಿ ಮಾತ್ರ."

"ಇದ್ರಲ್ಲಿ ಲೋಕಲ್ಲು ಅನ್ನೋದು ಎಲ್ಲಿದೆ ಮಾರಾಯ!" ಕಿರುಚಿಯೇಬಿಟ್ಟೆ. ನನ್ನ ಬಾಯಿ ದೊಡ್ಡದು, ಎಲ್ಲರಿಗೂ ಗೊತ್ತು.

ತೆಗೆದ ಪದರವನ್ನು ಮತ್ತೆ ತಂದೆ. ತಿರುವಿನಲ್ಲಿ ಕೆಟ್ಟಿದ್ದ ಇಟ್ಟಿಗೆಯ ಸುತ್ತ, ದಿಂಬಿಗೆ ಕವರು ಹಾಕಿದಂತೆ, ಹೊಸ ಇಟ್ಟಿಗೆಗಳ ಹೊದಿಕೆ ಹಾಕಿದೆ. ಹಾಗೆ ಮಾಡಿದರೆ ತಿದ್ದುಪಡಿ ಅದರೊಳಗೇ ಉಳಿಯುತ್ತದೆ. ಲೆಕ್ಕ ಮತ್ತೆ ಓಡಿಸಿದೆ. ಪರದೆಯ ಮೇಲೆ ತೂತಿನ ಅಂಚು ಕೆಂಪಗಾಯಿತು, ಅಂದರೆ ಅಲ್ಲಿ ಒತ್ತಡ ಮಿತಿ ಮೀರಿತ್ತು. ಕೆಲವೇ ತಿಂಗಳಲ್ಲಿ ಪಟ್ಟಿ ಅಲ್ಲಿ ಸೀಳಿಹೋಗುತ್ತಿತ್ತು.

ಅಚ್ಯುತ ಬಂದು ಪರದೆಯನ್ನು ನೋಡಿದ. ನೆಪ ಹುಡುಕಲಿಲ್ಲ, ಅದಕ್ಕೆ ಅವನನ್ನು ಮೆಚ್ಚಲೇಬೇಕು. ಸರ್ಜನ್ನಿಗೆ ಫೋನು ಮಾಡಿ, ಸ್ಪೀಕರಿನಲ್ಲೇ ಎಲ್ಲವನ್ನೂ ಹೇಳಿ, ಆಪರೇಷನ್ ನಿಲ್ಲಿಸಲು ಕೇಳಿಕೊಂಡ.

"ಪೇಷಂಟು ಇಲ್ಲೇ ಸ್ಟ್ರೆಚರಿನ ಮೇಲಿದ್ದಾರೆ," ಎಂದರು ಸರ್ಜನ್. "ಯಾಕೆ ನಿಲ್ಲಿಸಿದ್ರಿ ಅಂತ ಕೇಳ್ತಿದ್ದಾರೆ. ನೀವೇ ಹೇಳಿ."

"ತಪ್ಪು ನನ್ನದು," ಎಂದ ಅಚ್ಯುತ. "ಈ ಪಟ್ಟಿ ಮುರಿಯುತ್ತೆ. ಹೊಸದು ಮಾಡೋಕೆ ಎರಡು ವಾರ ಬೇಕು."

ಫೋನಿನ ಆ ಕಡೆ, ಊದಿದ ದವಡೆಯಿಂದ ಹೆಂಗಸಿನ ದನಿ ಕಷ್ಟಪಟ್ಟು ಹೊರಬಂತು. "ಅಲ್ಲೀವರೆಗೂ ಈ ಗೆಡ್ಡೆ ಸುಮ್ಮನಿರುತ್ತಾ?"

ಅಚ್ಯುತ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ.